ತಂಪಿನಲ್ಲಿ ಆಡಿದ ಮಾತು

ಕಲ್ಲು ಬಿಟ್ಟರೆ ಬೇರೇನೂ ಸಿಗದ ಊರಿನಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ ಎಂದು ಫಣಿ ಹೇಳಿದಾಗ ನಮ್ಮಲ್ಲಿ ಯಾರೂ ನಂಬಲಿಲ್ಲ. "ಹುರುಳಿನೂ ಬರವಲ್ದ ನೆಲದಾಗ ದ್ರಾಕ್ಷಿ ಎಲ್ಲಿಂದ ಬಂತಲೇ ಫಣ್ಯಾ," ಎಂದು ಗುರುಬಸವ ಫೋನಿನಲ್ಲೇ ನಕ್ಕ. ಆದರೆ ವರ್ಷಕ್ಕೊಮ್ಮೆ ಎರಡು ದಿನ ನಾವು ನಾಲ್ವರು ಎಲ್ಲಿಗಾದರೂ ಹೋಗುವುದು ಇಪ್ಪತ್ತೆರಡು ವರ್ಷಗಳಿಂದ ನಡೆದು ಬಂದ ಪದ್ಧತಿ. ಜಾಗ ಆರಿಸುವ ಸರದಿ ಈ ಸಲ ಫಣಿಯದು. ಹಾಗಾಗಿ ಹೊರಟೆವು. ಅವರು ಮೂವರು ನಗರದಿಂದ ಕಾರಿನಲ್ಲಿ ಬಂದರು. ನಾನು ಬೇರೆ ದಿಕ್ಕಿನಿಂದ ಎರಡು ಬಸ್ಸು ಬದಲಿಸಿ ಬಂದೆ.

ನಾಲ್ವರೂ ರಸಾಯನಶಾಸ್ತ್ರದ ಎಂ.ಎಸ್‌ಸಿ.ಯಲ್ಲಿ ಒಟ್ಟಿಗೆ ಓದಿದವರು. ಫಣೀಂದ್ರ ಮತ್ತು ಸುಗುಣ ಓದುವಾಗಲೇ ಒಬ್ಬರನ್ನೊಬ್ಬರು ಮೆಚ್ಚಿ ಆಮೇಲೆ ಮದುವೆಯಾದರು. ಮಕ್ಕಳಿಲ್ಲ. ಗುರುಬಸವನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮದುವೆಯಾಗದೆ ಉಳಿದವಳು ನಾನೊಬ್ಬಳೇ. ಒಂದು ಸಣ್ಣ ಪಟ್ಟಣದಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬೆಳಗ್ಗೆ ಬಾಟಲಿಗಳು ಬರುತ್ತವೆ, ಸಂಜೆಗೆ ವರದಿಗಳು ಹೋಗುತ್ತವೆ. ಒಮ್ಮೆ ಒಂದು ವಾರ ಕುತೂಹಲಕ್ಕೆ ಎಣಿಸಿ ನೋಡಿದ್ದೆ. ದಿನಕ್ಕೆ ಸರಾಸರಿ ನಲವತ್ತೊಂದು ವಾಕ್ಯ ಆಡುತ್ತೇನೆ. ಅದರಲ್ಲಿ ಅರ್ಧದಷ್ಟು, ಬಾಟಲಿಯ ಮೇಲೆ ಊರಿನ ಹೆಸರು ಬರೆಯದೆ ಕಳಿಸಿದವರ ಜೊತೆ ಫೋನಿನಲ್ಲಿ. ಭಾನುವಾರ ಆಡಿದ್ದು ಆರು.

ಹೊರಡುವುದಕ್ಕೆ ಮೂರು ವಾರ ಮೊದಲು ನಮ್ಮ ನಾಲ್ವರ ವಾಟ್ಸಾಪ್ ಗುಂಪಿಗೆ ಫಣಿ ಒಂದು ಚಿತ್ರ ಕಳಿಸಿ ಒಂದೂವರೆ ನಿಮಿಷದಲ್ಲಿ ಅಳಿಸಿದ. ಬೇರೆಲ್ಲಿಗೋ ಕಳಿಸಬೇಕಾದದ್ದು ತಪ್ಪಿ ಇಲ್ಲಿಗೆ ಬಂದಿತ್ತು. ಆ ಒಂದೂವರೆ ನಿಮಿಷವೂ ಅದು ನನ್ನ ಕಣ್ಣೆದುರಿಗಿತ್ತು. ಒಂದು ನಿವೇಶನದ ನಕ್ಷೆ. ನಡುವೆ ಅಂಗಳ. ಒಂದು ಬದಿಯ ಮನೆಯ ಮೇಲೆ 'ಸುಗುಣ–ಫಣಿ' ಎಂದೂ ಎದುರು ಬದಿಯ ಮನೆಯ ಮೇಲೆ 'ಗುರು' ಎಂದೂ ಬರೆದಿತ್ತು. ಮೂರನೆಯ ಬದಿಯಲ್ಲಿ ಅಷ್ಟೇ ಅಗಲದ ಜಾಗ ಖಾಲಿಯಿತ್ತು. ಅಲ್ಲಿ ಫಣಿಯ ಗುಂಡನೆಯ ಅಕ್ಷರದಲ್ಲಿ 'ಕರಿಬೇವು, ನಿಂಬೆ' ಎಂದಿತ್ತು.

ವಯಸ್ಸಾದ ಮೇಲೆ ಎಲ್ಲರೂ ಒಂದೇ ಅಂಗಳದಲ್ಲಿರೋಣ ಎಂಬುದು ನಾವು ನಾಲ್ವರೂ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಆಡಿಕೊಂಡ ಮಾತು. ಕೊನೆಯ ಪರೀಕ್ಷೆಯ ದಿನ. ಅವರು ಹೇಳುತ್ತಾರೆ ಎಂದು ಮೂರು ವಾರ ಕಾದೆ. ಹೇಳಲಿಲ್ಲ. ಈ ಎರಡು ದಿನದಲ್ಲಿ ನಾನೇ ಬಾಯಿಬಿಟ್ಟು ಕೇಳಬೇಕು ಎಂದು ನಿಶ್ಚಯಿಸಿಕೊಂಡು ಬಸ್ಸು ಹತ್ತಿದ್ದೆ.

ಊರು ಒಂದು ಬೋಳು ಬಂಡೆಯ ಇಳಿಜಾರಿನಲ್ಲಿತ್ತು. ಹಿಂದೆ ಅಲ್ಲಿ ಚಪ್ಪಡಿ ಕಲ್ಲು ತೆಗೆಯುತ್ತಿದ್ದರಂತೆ. ಕಲ್ಲು ತೆಗೆದ ಗುಂಡಿಗಳಿಗೆ ಮಣ್ಣು ತುಂಬಿ ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದರು. ಬಂಡೆಯೊಳಗೆ ಕೊರೆದಿದ್ದ ಸುರಂಗದಲ್ಲಿ ಪೀಪಾಯಿಗಳನ್ನಿಟ್ಟಿದ್ದರು. ಆ ಸುರಂಗವನ್ನು ಊರವರು 'ತಂಪು' ಎನ್ನುತ್ತಾರೆ. ತಂಪಿನಲ್ಲಿ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ ಕೇಳಿಸುತ್ತದೆ. ಆಡುವಾಗ ಆಡಿದವರಿಗೂ ಕೇಳಿಸುವುದಿಲ್ಲ. ಮರುದಿನ ಒಂದು ಸಲ ಕೇಳಿಸಿ ಮುಗಿದುಹೋಗುತ್ತದೆ. ಹೆಜ್ಜೆ, ಕೆಮ್ಮು, ಲೋಟ ಕೆಳಗಿಟ್ಟ ಸದ್ದು ಎಲ್ಲಕ್ಕೂ ಇದೇ ನಿಯಮ. ಬಾಗಿಲಿನಿಂದ ಈಚೆಗೆ ಎಲ್ಲ ಊರುಗಳ ಹಾಗೆಯೇ ಮಾತು ಆಡಿದ ಕೂಡಲೇ ಕೇಳಿಸುತ್ತದೆ.

ಇದನ್ನು ನಮಗೆ ಹೇಳಿದವಳು ತಂಪಿನ ಬೀಗದ ಕೈ ಇಟ್ಟುಕೊಂಡಿದ್ದ ದ್ಯಾವಮ್ಮ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ ಎಂದು ಬಾಡಿಗೆಯವರಿಗೆ ತಿಳಿಸುವ ಧಾಟಿಯಲ್ಲಿ ಹೇಳಿದಳು. ನಾವು ಉಳಿದುಕೊಂಡಿದ್ದೂ ಊಟಕ್ಕೆ ಕೂತಿದ್ದೂ ಅವಳ ಮನೆಯಲ್ಲೇ. "ಶನಿವಾರ ಕುಡಿಯೋದು, ಭಾನುವಾರ ಕೇಳೋದು. ಕುಡಿದು ಆಡಿದ್ದನ್ನ ಕುಡೀದಲೇ ಕೇಳ್ಬೇಕು. ಆಮೇಲೆ ಯಾವ ಪೀಪಾಯಿ ಚೆಂದಾಗಿತ್ತು ಅಂತ ಹೇಳಿದ್ರೆ ಅದ್ರ ಮೇಲೆ ನಿಮ್ಮೆಸರು ಬರ್ದು ಎರಡು ವರ್ಷ ಎತ್ತಿಡ್ತೀವಿ. ಜೊತೇಲಿ ಬಂದೋರಲ್ಲಿ ಒಬ್ರಾದ್ರೂ ಕೇಳೋಕೆ ಬರ್ಬೇಕು."

"ಯಾರೂ ಬರ್ಲಿಲ್ಲಾಂದ್ರೆ?" ಎಂದು ಸುಗುಣ ಕೇಳಿದಳು.

"ನಾನು ಬಾಗ್ಲು ತೆಗೆದಿಟ್ಟು ಹೊರಗೆ ಜಗಲಿ ಮೇಲೆ ಕೂತಿರ್ತೀನಿ. ಕೇಳೋರಿಲ್ದ ಮಾತನ್ನ ನಾವು ಕೇಳಿಸ್ಕೊಳ್ಳಲ್ಲ, ಅಕ್ಕ."

ಊರಿನಲ್ಲಿ ಗಂಡು ಹೆಣ್ಣು ನೋಡಿದ ಮೇಲೆ ಇಬ್ಬರನ್ನೂ ತಂಪಿಗೆ ಕಳಿಸುತ್ತಾರಂತೆ. ಅಣ್ಣತಮ್ಮಂದಿರು ಪಾಲಿಗೆ ಕೂತರೂ ಮೊದಲು ಅಲ್ಲಿಗೇ ಹೋಗಿ ತಮ್ಮ ತಮ್ಮ ಬೇಡಿಕೆ ಹೇಳಿ ಬರುತ್ತಾರೆ. ಮರುದಿನ ತಮ್ಮ ದನಿಯನ್ನೇ ಕೇಳಿಸಿಕೊಂಡು ಎಷ್ಟೋ ಮಂದಿ ಎರಡು ಮಾತು ಕಡಿಮೆ ಮಾಡಿದ್ದಾರೆ. "ನಮ್ಮೆಜಮಾನ್ರು ನನ್ನನ್ನ ಒಳಗೇ ಕೇಳಿದ್ದು. ನಾನೇನೂ ಅನ್ಲಿಲ್ಲ, ನಾಚಿಕೆ. ಮಾರನೇ ದಿನ ಇಬ್ರೂ ಹೋಗಿ ನಿಂತ್ರೆ ಅವರ ಮಾತಾದ್ಮೇಲೆ ನಂದೊಂದು ಸಣ್ಣ ಕೆಮ್ಮು ಕೇಳಿಸ್ತು. ಅದನ್ನೇ ಒಪ್ಗೆ ಅಂತ ತಿಳ್ಕೊಂಡ್ರು," ಎಂದು ದ್ಯಾವಮ್ಮ ಗುರುವಿನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಊರವರು ಹೊರಗೂ ಮಾತಿಗೆ ಮಾತು ಕೂಡಲೇ ಕೊಡುವುದಿಲ್ಲ. ಚಹಾ ಕೇಳಿದರೂ ಒಂದು ಗಳಿಗೆ ಸುಮ್ಮನಿದ್ದು "ಕೊಡ್ತೀನಿ" ಎನ್ನುತ್ತಾರೆ.

ದ್ಯಾವಮ್ಮ ತೀರಿಹೋದ ತನ್ನ ಗಂಡನ ವಿಷಯ ತೆಗೆದದ್ದರಿಂದ ಮಾತು ತೀರಿಕೊಂಡವರ ಕಡೆಗೆ ಹೊರಳಿತು. ಗುರು ತನ್ನ ಹೆಂಡತಿಯ ಕೊನೆಯ ದಿನಗಳ ಬಗ್ಗೆ ಸ್ವಲ್ಪ ಹೇಳಿದ. ಸುಗುಣ ತನ್ನ ತಂದೆಯನ್ನು ನೆನೆದಳು. "ಅಪ್ಪ ಹೋಗೋವಾಗ ನಾನು ಒಂದು ಚಮಚ ನೀರು ಬಾಯಿಗೆ ಬಿಟ್ಟೆ. ಕುಡಿದ್ರು. ಅಷ್ಟೇ ನನಗೆ ಸಮಾಧಾನ."

"ಅಲ್ಲ ಸುಗುಣ," ಎಂದೆ ನಾನು. "ನೀನು ಬಂದಾಗ ಹತ್ತೂ ನಲವತ್ತು. ಅವರು ಹೋಗಿದ್ದು ಒಂಬತ್ತೂವರೆಗೆ. ನಿನ್ನ ಬಸ್ಸು ಕೆಟ್ಟು ನಿಂತಿತ್ತಲ್ಲ. ನೀರು ಬಿಟ್ಟಿದ್ದು ನಾನು."

"ಹೌದಾ," ಎಂದಳು ಸುಗುಣ. ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದಳು. ಫಣಿ ನನ್ನ ಕಡೆ ನೋಡಿ ಮತ್ತೆ ತಲೆ ತಗ್ಗಿಸಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಎಂದಷ್ಟೇ ನನಗೆ ಆಗ ಅನ್ನಿಸಿದ್ದು.

ನಾಲ್ಕು ಗಂಟೆಗೆ ದ್ಯಾವಮ್ಮ ಬೀಗ ತೆಗೆದಳು. ನನ್ನ ಕೈಯಲ್ಲಿ ನೋಟ್‌ಬುಕ್ ನೋಡಿ ಗುರು, "ಏನವಾ ಮಂದಾಕಿನಿ, ಕುಡಿಯೂದಕ್ಕೂ ಪ್ರಾಕ್ಟಿಕಲ್ ರೆಕಾರ್ಡ್ ಬರೀತಿ ಏನು?" ಎಂದ. "ಎಕ್ಸ್‌ಟರ್ನಲ್ ಬರ್ತಾರೆ ಕಣೋ, ಸಹಿ ಹಾಕಿಸ್ಬೇಕು," ಎಂದ ಫಣಿ. ನಗುತ್ತಲೇ ಹೊಸ್ತಿಲು ದಾಟಿದೆವು. ದಾಟಿದ ಕೂಡಲೇ ನಗು ನಿಂತುಹೋಯಿತು. ಬಾಯಿಗಳು ಇನ್ನೂ ತೆರೆದಿದ್ದವು, ಸದ್ದು ಮಾತ್ರ ಇರಲಿಲ್ಲ. ಅದರ ಬದಲು ಒಳಗಿನಿಂದ ಶುಕ್ರವಾರದ ಪೊರಕೆಯ ಸದ್ದು ಬಂತು. ಯಾರೂ ಗುಡಿಸುತ್ತಿರಲಿಲ್ಲ. ಪೊರಕೆ ನಮ್ಮ ಕಾಲ ಬಳಿಯೇ ಹಾದು ಮೂಲೆಗೆ ಹೋಯಿತು. ಬೆಕ್ಕೊಂದನ್ನು ದ್ಯಾವಮ್ಮ ನಿನ್ನೆ ಬೈದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಅಂಥ ನಿಶ್ಶಬ್ದವನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನ ಉಸಿರೂ ನನಗೆ ಕೇಳಿಸುತ್ತಿರಲಿಲ್ಲ.

ಪದ್ಧತಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಪೀಪಾಯಿಯ ಎದುರು ನಿಲ್ಲಬೇಕು. ಬಾಗಿಲ ಬಳಿಯ ಮೊದಲನೆಯದಕ್ಕೆ ಫಣಿ, ಎರಡನೆಯದಕ್ಕೆ ನಾನು, ಮೂರನೆಯದಕ್ಕೆ ಸುಗುಣ, ಕೊನೆಯದಕ್ಕೆ ಗುರು. ದ್ಯಾವಮ್ಮ ಸಣ್ಣ ಗಾಜಿನ ಲೋಟಗಳಿಗೆ ಸುರಿದು ಕೊಟ್ಟು ಹೊರಗೆ ಹೋದಳು. ಬಾಯಿಗೆ ಹಾಕಿಕೊಂಡು, ಅನ್ನಿಸಿದ್ದನ್ನು ಪೀಪಾಯಿಗೇ ಹೇಳಬೇಕು. ವೈನು ಕಡು ನೇರಳೆ ಬಣ್ಣದ್ದು. ಮೊದಲು ಹುಳಿ, ನಡುವೆ ಕಲ್ಲಿನ ಮೇಲೆ ಬಿದ್ದ ನೀರಿನಂಥ ಒಂದು ವಾಸನೆ, ಕೊನೆಗೆ ನಾಲಿಗೆಯ ಬದಿಗಳಲ್ಲಿ ಒಗರು. ಇಷ್ಟನ್ನು ಬರೆದುಕೊಂಡು, ಇಷ್ಟನ್ನೇ ಬಾಯಲ್ಲೂ ಹೇಳಿದೆ. ಏನೂ ಕೇಳಿಸಲಿಲ್ಲ. ಎಡಗಡೆ ಫಣಿ ಕೈಯೆತ್ತಿ ಹಾಡುತ್ತಿದ್ದ ಎಂದು ಅವನ ಕುತ್ತಿಗೆಯ ನರ ನೋಡಿ ತಿಳಿಯುತ್ತಿತ್ತು. ಬಲಗಡೆ ಸುಗುಣ ನನಗೆ ಬೆನ್ನು ಮಾಡಿಕೊಂಡು ಪೀಪಾಯಿಗೆ ತೀರಾ ಹತ್ತಿರ ನಿಂತಿದ್ದಳು.

ಮೂರು ವಾರದಿಂದ ಗಂಟಲಿನಲ್ಲಿದ್ದ ಮಾತು ಅಲ್ಲಿ, ಯಾರಿಗೂ ಕೇಳಿಸದ ಆ ಜಾಗದಲ್ಲಿ, ಬಹಳ ಸುಲಭವಾಗಿ ಹೊರಗೆ ಬಂದುಬಿಟ್ಟಿತು. ಲೋಟ ಖಾಲಿಯಾಗಿತ್ತು. ಗಡಿಯಾರ ನೋಡಿದೆ, ನಾಲ್ಕು ಹದಿನೇಳು. "ನಕ್ಷೆ ನೋಡಿದೆ," ಎಂದೆ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ. ನನ್ನನ್ನೂ ಸೇರಿಸ್ಕೊಳ್ಳಿ. ಒಂದು ರೂಮ್ ಸಾಕು. ಅಂಗಳದ ಕಡೆಗೆ ಕಿಟಕಿ ಇರ್ಲಿ." ಹೇಳಿ ಮುಗಿಸಿ ಸುತ್ತ ನೋಡಿದೆ. ಯಾರೂ ತಿರುಗಲಿಲ್ಲ. ಫಣಿ ಹಾಡುತ್ತಲೇ ಇದ್ದ. ಸುಗುಣಳ ಭುಜ ಸಣ್ಣಗೆ ಅಲುಗುತ್ತಿತ್ತು. ಅವಳೂ ಏನೋ ಹೇಳುತ್ತಿದ್ದಳು. ವೈನಿನ ಬಗ್ಗೆ ಅಷ್ಟೊತ್ತು ಹೇಳುವುದಕ್ಕೆ ಅವಳಿಗೆ ಏನಿದೆ ಎಂದು ಒಂದು ಕ್ಷಣ ಅನ್ನಿಸಿತು.

ಹೊರಗೆ ಬಿಸಿಲಿಗೆ ಬಂದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಹೇಳಿ ಹಗುರಾದೆ ಎಂದುಕೊಂಡವಳಿಗೆ, ಹೇಳಿದ್ದು ಇನ್ನೂ ಯಾರನ್ನೂ ತಲುಪಿಲ್ಲ, ಆದರೆ ತಲುಪುವುದು ಖಂಡಿತ ಎಂಬ ಲೆಕ್ಕ ಆಗ ಹೊಳೆಯಿತು. ನಾಳೆ ಸಂಜೆ ನಾಲ್ಕು ಹದಿನೇಳಕ್ಕೆ ನಾಲ್ವರೂ ಸಾಲಾಗಿ ನಿಂತಿರುವಾಗ ನನ್ನ ದನಿ ಅಂಗಲಾಚುತ್ತದೆ. ಅವರು ನನ್ನ ಮುಖ ನೋಡುತ್ತಾರೆ. ನಾನು ಎಲ್ಲಿ ನೋಡಬೇಕು? ನಾಳೆ ಒಳಗೆ ನಿಂತು ತಟ್ಟೆ ಬಡಿದು ಗದ್ದಲ ಮಾಡಿದರೆ ಹೇಗೆ ಎಂದು ಯೋಚಿಸಿ, ನಾಳೆಯ ಗದ್ದಲ ಸೋಮವಾರ ಕೇಳಿಸುತ್ತದೆ ಎಂಬುದು ನೆನಪಾಗಿ ಆ ದಾರಿಯನ್ನೂ ಕೈಬಿಟ್ಟೆ.

ಸಂಜೆ ಜಗಲಿಯ ಮೇಲೆ ಎಲ್ಲರೂ ಕೂತಿದ್ದಾಗ ಸುಗುಣ ಇದ್ದಕ್ಕಿದ್ದಂತೆ ದ್ಯಾವಮ್ಮನನ್ನು, "ಒಳಗೆ ಆಡಿದ್ದನ್ನ ಅಳಿಸೋಕೆ ಆಗಲ್ವಾ?" ಎಂದು ಕೇಳಿದಳು.

ದ್ಯಾವಮ್ಮ ಒಂದು ಗಳಿಗೆ ತಡೆದಳು. "ಅದೇನು ಫೋನಾ ಅಕ್ಕ, ಅಳಿಸೋಕೆ?"

ಗುರು ಜೋರಾಗಿ ನಕ್ಕ. ಫಣಿ ನಗಲಿಲ್ಲ. ನಾನು ಮಡಿಲಿನ ಕಡಲೆಕಾಯಿ ಸಿಪ್ಪೆಗಳನ್ನು ಒಂದೊಂದಾಗಿ ಕಾಗದಕ್ಕೆ ಹಾಕಿದೆ. "ನೀ ಏನಂದಿ ಅಂಥಾದ್ದು?" ಎಂದು ಗುರು ಸುಗುಣಳನ್ನು ಕೆಣಕಿದ. "ಗಂಡನ್ನ ಬೈದೀ ಏನು? ನಾಳೆ ಮಜಾ ಐತಿ ಹಂಗಾರ." "ಸುಮ್ನಿರೋ," ಎಂದಳು ಅವಳು. ಆಮೇಲೆ ಬೇಗ ಮಲಗುತ್ತೇನೆಂದು ಎದ್ದುಹೋದಳು.

ಭಾನುವಾರ ಬೆಳಗ್ಗೆ ತಿಂಡಿಗೆ ಕೂತಾಗ ಅವಳೇ ಮಾತು ತೆಗೆದಳು. "ಎರಡು ಗಂಟೆಗೆ ಹೊರಟುಬಿಡೋಣ. ನಾಳೆ ಎಲ್ಲರಿಗೂ ಕೆಲಸ ಇದೆ. ಕತ್ತಲಾಗೋಕೆ ಮುಂಚೆ ಮನೆ ಸೇರ್ಬಹುದು."

"ಮತ್ತೆ ಕೇಳೋದು?" ಎಂದ ಫಣಿ.

"ನಿನ್ನ ಹಾಡನ್ನ ಮನೇಲಿ ದಿನಾ ಕೇಳ್ತೀನಲ್ಲ, ಇಲ್ಲೂ ಕೇಳ್ಬೇಕಾ?"

"ಹಾಡಿದವನಿಗೂ ಒಮ್ಮೆ ಶಿಕ್ಷಾ ಆಗ್ಲಿ ಬಿಡು," ಎಂದ ಗುರು. ಆದರೂ ಅವನೂ ಒಪ್ಪಿದ. ಫಣಿ ಸ್ವಲ್ಪ ಗೊಣಗಿ ಸುಮ್ಮನಾದ. ಸುಗುಣ ನನ್ನ ಕಡೆ ತಿರುಗಿ, "ನೀನೂ ಬಾ ಮಂದಾ, ದೊಡ್ಡ ರಸ್ತೆ ತನಕ ಬಿಡ್ತೀವಿ. ಅಲ್ಲಿಂದ ನಿನಗೆ ಬೇಕಾದಷ್ಟು ಬಸ್ಸು," ಎಂದಳು. ನಾನು ಹ್ಞೂಂ ಎಂದೆ. ಸಮಾಧಾನವಾಯಿತು. ಯಾರೂ ಕೇಳುವುದಿಲ್ಲ. ನಾನು ಆಡಿದ್ದು ಆಡದ ಹಾಗೆಯೇ.

ಕೋಣೆಗೆ ಹೋಗಿ ಬಟ್ಟೆ ಮಡಿಸತೊಡಗಿದೆ. ಎರಡು ಸೀರೆ, ಒಂದು ಟವೆಲು, ನೋಟ್‌ಬುಕ್. ಚೀಲದ ಜಿಪ್ಪು ಎಳೆಯುವಷ್ಟರಲ್ಲಿ ಆ ಸಮಾಧಾನ ಎಲ್ಲಿಗೋ ಹೋಗಿಬಿಟ್ಟಿತ್ತು. ಅದರ ಜಾಗದಲ್ಲಿ ಬಂದದ್ದು ಏನೆಂದು ಹೇಳುವುದು ಕಷ್ಟ. ನಾಲ್ಕು ಹದಿನೇಳಕ್ಕೆ ಆ ಖಾಲಿ ಸುರಂಗದಲ್ಲಿ ನನ್ನ ದನಿ ಬಾಯಿಬಿಟ್ಟು ಕೇಳುತ್ತದೆ, ಎದುರಿಗೆ ಪೀಪಾಯಿ ಮಾತ್ರ ಇರುತ್ತದೆ. ದ್ಯಾವಮ್ಮ ಜಗಲಿಯ ಮೇಲೆ ಮುಖ ಆಚೆ ಮಾಡಿ ಕೂತಿರುತ್ತಾಳೆ. ಅದನ್ನು ಕೇಳುವವರು ಯಾರೂ ಬೇಡ ಎಂದು ಬೇಡಿಕೊಂಡವಳು ನಾನೇ. ಆದರೂ ನನ್ನ ಜೀವನದಲ್ಲಿ ನನಗಾಗಿ ಒಂದೇ ಒಂದು ಸಲ ಬೇಡಿದ ಆ ಮಾತನ್ನು ಕೇಳಿಸಿಕೊಳ್ಳಲು ನಾನಾದರೂ ಅಲ್ಲಿರಬೇಕು ಅನ್ನಿಸಿತು.

ಕಾರಿನ ಹತ್ತಿರ ಬಂದು, "ನೀವು ಹೊರಡಿ. ಯಾರಾದ್ರೂ ಒಬ್ಬರು ಪೀಪಾಯಿಗೆ ಹೆಸರು ಬರೆಸ್ಬೇಕಲ್ಲ. ನನಗೆ ಐದೂವರೆಗೆ ಇಲ್ಲಿಂದಲೇ ಬಸ್ಸಿದೆ," ಎಂದೆ.

ಸುಗುಣಳ ಕೈ ಕಾರಿನ ಬಾಗಿಲ ಮೇಲೆ ಹಾಗೇ ನಿಂತಿತು. "ಬೇಡ ಮಂದಾ. ಒಬ್ಬಳೇ ಯಾಕೆ? ಹೆಸರು ಬರೆಸದೇ ಇದ್ರೆ ಏನಾಗುತ್ತೆ?"

"ಬರೀಲಿ ಬಿಡೇ," ಎಂದ ಫಣಿ ಸ್ಟೀರಿಂಗಿನ ಹಿಂದಿನಿಂದ. "ಅವಳಿಗೆ ರೆಕಾರ್ಡ್ ಅರ್ಧ ಬಿಟ್ಟರೆ ನಿದ್ದೆ ಬರಲ್ಲ."

ಸುಗುಣ ನನ್ನ ತೋಳನ್ನು ಒಮ್ಮೆ ಹಿಡಿದು ಬಿಟ್ಟು ಕಾರಿನಲ್ಲಿ ಕೂತಳು. ಕಾರು ಇಳಿಜಾರು ದಾಟುವ ತನಕ ಹಿಂದಿನ ಗಾಜಿನಲ್ಲಿ ಅವಳ ಮುಖ ನನ್ನ ಕಡೆಗೇ ಇತ್ತು.

ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಒಬ್ಬಳೇ ಒಳಗೆ ಹೋದೆ. ನಾಲ್ಕಕ್ಕೆ ಸರಿಯಾಗಿ ನಮ್ಮ ನಗು ಬಂತು. ಹೊಸ್ತಿಲ ಬಳಿ ನಡುವೆಯೇ ಶುರುವಾದ ನಗು. ಅದರ ಹಿಂದೆ ನಾಲ್ಕು ಜೋಡಿ ಕಾಲು. ನನ್ನ ಚಪ್ಪಲಿಯ ಸದ್ದನ್ನು ಗುರುತು ಹಿಡಿದೆ, ಅದು ಉಳಿದವರಿಗಿಂತ ಸ್ವಲ್ಪ ಹಿಂದಿತ್ತು. ಎರಡನೆಯ ಮತ್ತು ಮೂರನೆಯ ಪೀಪಾಯಿಗಳ ನಡುವೆ ನಿಂತುಕೊಂಡೆ. ಗುರು ಆ ತುದಿಯಲ್ಲಿ ಪೀಪಾಯಿಯ ಜೊತೆ ಜೋಕು ಮಾಡುತ್ತಿದ್ದ. ಫಣಿ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದ. ಅವನ ಹಾಡು ನಾನು ನೆನೆಸಿದ್ದಕ್ಕಿಂತ ಬಹಳ ಜೋರಾಗಿತ್ತು. ನನ್ನ ದನಿ ಹುಳಿ, ವಾಸನೆ, ಒಗರು ಎಂದು ವರದಿ ಓದಿತು. ಅಷ್ಟರಲ್ಲಿ ಬಲಗಡೆಯಿಂದ, ಕಿವಿಗೆ ತೀರಾ ಹತ್ತಿರ, ಸುಗುಣ ನನ್ನ ಹೆಸರು ಹಿಡಿದು ಕರೆದಳು.

"ಮಂದಾ, ಇದನ್ನ ಎದುರಿಗೆ ಹೇಳೋಕೆ ನನ್ನ ಕೈಲಿ ಆಗಲ್ಲ. ನಾಳೆ ನೀನು ಕೇಳೋವಾಗ ನಾನು ಪಕ್ಕದಲ್ಲೇ ಇರ್ತೀನಿ. ಆದ್ರೆ ಹೇಳಿ ಆಗಿರುತ್ತಲ್ಲ, ಹಿಂದಕ್ಕೆ ತಗೊಳ್ಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ. ನಾವು ಜಾಗ ತಗೊಂಡಿದೀವಿ. ಮೂರು ಮನೆ ಆಗೋಷ್ಟು ಜಾಗ ಇದೆ. ಗುರು ನಿನ್ನ ಹೆಸರು ಹೇಳಿದ. ಫಣೀನೂ ಹೇಳಿದ. ಬೇಡ ಅಂದವಳು ನಾನು."

"ನಕ್ಷೆ ನೋಡಿದೆ," ಎಂದಿತು ಎಡಗಡೆಯಿಂದ ನನ್ನ ದನಿ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ನೀನು ಕೆಟ್ಟವಳಲ್ಲ ಕಣೇ. ನಿನ್ನಷ್ಟು ನನಗೆ ಯಾರೂ ಮಾಡಿಲ್ಲ. ಆದ್ರೆ ನಾನು ಆಡಿದ್ದೆಲ್ಲ ನಿನಗೆ ನೆನಪಿರುತ್ತೆ, ಗಂಟೆ ನಿಮಿಷದ ಸಮೇತ. ಆ ಒಂದು ಚಮಚ ನೀರು ನಾನೇ ಬಿಟ್ಟೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಮೊದಮೊದಲು ಸುಳ್ಳು ಅಂತ ಗೊತ್ತಿತ್ತು, ಆಮೇಲಾಮೇಲೆ ನಿಜಾನೇ ಆಗಿತ್ತು. ಇವತ್ತು ಊಟದ ಹೊತ್ತಲ್ಲಿ ಅದನ್ನ ತಗೊಂಡುಬಿಟ್ಟೆ ನೀನು."

"ನನ್ನನ್ನೂ ಸೇರಿಸ್ಕೊಳ್ಳಿ. ಒಂದು ರೂಮ್ ಸಾಕು."

"ಬೆಳಗ್ಗೆದ್ದು ಬಾಗಿಲು ತೆಗೆದ್ರೆ ನನ್ನನ್ನ ಅಷ್ಟು ಸರಿಯಾಗಿ ಬಲ್ಲವರು ಎದುರಿಗಿರಬಾರ್ದು, ಮಂದಾ. ನನಗೆ ವಯಸ್ಸಾಗ್ತಿದೆ. ಸ್ವಲ್ಪ ಮರೆತು, ಸ್ವಲ್ಪ ಸುಳ್ಳು ಹೇಳ್ಕೊಂಡು ಇದ್ದುಬಿಡೋಣ ಅಂತ ಆಸೆ. ತಪ್ಪಾದ್ರೆ ತಪ್ಪು ಅಂತ ತಿಳ್ಕೋ."

ಅಂಗಳದ ಕಡೆಗೆ ಕಿಟಕಿ ಇರಲಿ ಎಂದ ನನ್ನ ಕೊನೆಯ ಮಾತು ಫಣಿಯ ಹಾಡಿನ ಏರು ಸ್ವರದಲ್ಲಿ ಮುಳುಗಿಹೋಯಿತು. ನನಗೆ ಗೊತ್ತಿದ್ದರಿಂದ ಕೇಳಿಸಿತೇ ಹೊರತು ಬೇರೆಯವರಿಗೆ ಕೇಳಿಸುವ ಹಾಗಿರಲಿಲ್ಲ. ನಿನ್ನೆ ನಾವಿಬ್ಬರೂ ಮೂರು ಹೆಜ್ಜೆ ದೂರದಲ್ಲಿ ನಿಂತು, ಒಬ್ಬರದು ಒಬ್ಬರಿಗೆ ಕೇಳದೆ, ಒಂದೇ ಹೊತ್ತಿನಲ್ಲಿ ಇದನ್ನೆಲ್ಲ ಮಾತಾಡಿಕೊಂಡಿದ್ದೆವು. ನಾನು ಕೇಳಿದ ಪ್ರಶ್ನೆಗೆ ಅವಳು ಪಕ್ಕದಲ್ಲೇ ಉತ್ತರ ಹೇಳುತ್ತಿದ್ದಳು. ಎಲ್ಲರ ಸದ್ದೂ ಮುಗಿದು, ಹೆಜ್ಜೆಗಳು ಬಾಗಿಲ ಕಡೆ ಹೋಗಿ, ನಿಶ್ಶಬ್ದವಾದ ಮೇಲೂ ನಾನು ಅಲ್ಲೇ ನಿಂತಿದ್ದೆ. ಕೆನ್ನೆ ಒದ್ದೆಯಾಗಿತ್ತು. ಅದರ ಸದ್ದು ಏನಾದರೂ ಇದ್ದಿದ್ದರೆ ಅದು ಸೋಮವಾರಕ್ಕೆ.

ಹೊರಗೆ ಬಂದಾಗ ದ್ಯಾವಮ್ಮ ಸುಣ್ಣದ ಕಡ್ಡಿ ಹಿಡಿದು ಕಾಯುತ್ತಿದ್ದಳು. ಏನು ಕೇಳಿಸಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಕುಡಿದು ಮುಗಿಸುವ ತನಕ ಸುಮ್ಮನಿದ್ದು, "ಯಾವುದು ಅಕ್ಕ?" ಎಂದಳು.

"ಮೂರನೇದು."

"ಯಾರ್ಯಾರ ಹೆಸರು?"

ನಾಲ್ಕೂ ಹೇಳಿದೆ. ಅವಳು ಒಳಗೆ ಹೋಗಿ ನಿಧಾನವಾಗಿ ಬರೆದು ಬಂದಳು. ಎರಡು ವರ್ಷಕ್ಕೆ ಸರಿಯಾಗಿ ಬಂದರೆ ತೆಗೆದು ಕೊಡುತ್ತೇನೆ ಎಂದಳು.

ಬಸ್ ನಿಲ್ದಾಣವೆಂದರೆ ಒಂದು ಚಪ್ಪಡಿ ಕಲ್ಲು, ಅದರ ಪಕ್ಕ ಒಂದು ಕಂಬ. ಐದೂ ಹತ್ತಕ್ಕೆ ಅಲ್ಲಿ ಹೋಗಿ ಕೂತೆ. ಇಳಿಜಾರಿನ ದ್ರಾಕ್ಷಿ ಗುಂಡಿಗಳಲ್ಲಿ ಇಬ್ಬರು ಹೆಂಗಸರು ಬಳ್ಳಿ ಕಟ್ಟುತ್ತಿದ್ದರು. ಒಬ್ಬಳು ಏನೋ ಅಂದಳು, ಇನ್ನೊಬ್ಬಳು ಗಂಟು ಬಿಗಿದು ಮುಗಿಸಿ ಆಮೇಲೆ ಉತ್ತರ ಕೊಟ್ಟಳು. ಸುಗುಣಳ ತಂದೆಗೆ ನೀರು ಬಿಟ್ಟ ಆ ಬೆಳಗನ್ನು ನೆನೆಸಿಕೊಂಡೆ. ಅವಳು ಬಾಗಿಲಲ್ಲಿ ಚೀಲ ಹಿಡಿದುಕೊಂಡೇ ನಿಂತದ್ದು, ಹೋದರಾ ಎಂದು ಕೇಳಿದ್ದು, ನಾನು ಗಡಿಯಾರ ನೋಡಿ ಹೊತ್ತು ಹೇಳಿದ್ದು. ಆಗಲೂ ನಾನು ಹೇಳಿದ್ದು ಹೊತ್ತನ್ನೇ.

ಫೋನು ಬಡಿದುಕೊಂಡಿತು. ಸುಗುಣ.

"ಬಸ್ ಸಿಕ್ತಾ?"

"ಇನ್ನೂ ಬಂದಿಲ್ಲ."

ಹಿಂದೆ ಕಾರಿನ ಸದ್ದು ಇತ್ತು. ಗುರು ಏನೋ ತಿನ್ನುತ್ತ ಮಾತಾಡುತ್ತಿದ್ದ. ಸುಗುಣ ದನಿ ತಗ್ಗಿಸಿದಳು. "ಒಳಗೆ ಹೋಗಿದ್ಯಾ?"

"ಹೋಗಿದ್ದೆ."

ಅವಳ ಉಸಿರು ಕೇಳಿಸುತ್ತಿತ್ತು. ಏಳು ಸೆಕೆಂಡು. "ಏನು ಕೇಳಿಸ್ತು?" ಎಂದಳು.

ಇಪ್ಪತ್ತೇಳು ವರ್ಷದಲ್ಲಿ ನಾನು ಸುಗುಣಳಿಗೆ ಅಳತೆ ತಪ್ಪಿ ಒಂದು ಮಾತನ್ನೂ ಹೇಳಿದವಳಲ್ಲ. ಕೇಳಬೇಕೆಂದಿದ್ದ ಪ್ರಶ್ನೆ ಈಗಲೂ ನಾಲಿಗೆಯ ಮೇಲೇ ಇತ್ತು. ಇಲ್ಲಿ ಆಡಿದರೆ ಕೂಡಲೇ ಕೇಳಿಸುತ್ತಿತ್ತು.

"ಏನೂ ಕೇಳಿಸ್ಲಿಲ್ಲ ಸುಗುಣ," ಎಂದೆ. "ಫಣಿ ಹಾಡು ಅಷ್ಟು ಜೋರಾಗಿತ್ತು. ಬೇರೆ ಯಾರದ್ದೂ ಒಂದು ಪದಾನೂ ಕೇಳಿಸ್ಲಿಲ್ಲ."

"ಒಂದು ಪದಾನೂ?"

"ಒಂದೂ ಇಲ್ಲ. ನಾನು ಹೇಳಿದ್ದೂ ನನಗೆ ಕೇಳಿಸ್ಲಿಲ್ಲ."

ಅವಳು ಉಸಿರು ಬಿಟ್ಟಳು. ಎಷ್ಟು ಹೊತ್ತಿನಿಂದ ಹಿಡಿದಿಟ್ಟುಕೊಂಡಿದ್ದಳೋ, ಬಹಳ ದೀರ್ಘವಾಗಿ ಬಂತು. "ಏನಂತೆ?" ಎಂದು ಫಣಿ ಕೇಳಿದ್ದು ಕೇಳಿಸಿತು. "ನಿನ್ನ ಹಾಡು ಬಿಟ್ರೆ ಬೇರೇನೂ ಕೇಳಿಸ್ಲಿಲ್ವಂತೆ ಕಣೋ," ಎಂದಳು ಸುಗುಣ. ಎರಡು ದಿನದಲ್ಲಿ ಮೊದಲ ಸಲ ಅವಳ ದನಿ ಸಡಿಲವಾಗಿತ್ತು. "ನಾ ಹೇಳಿದ್ನಲ್ಲಲೇ, ಪೀಪಾಯಿ ಒಡೀತದ ಅಂತ," ಎಂದ ಗುರು. ಮೂವರೂ ಒಟ್ಟಿಗೆ ನಕ್ಕರು. ಚಿಕ್ಕ ಕಾರು, ಮುಚ್ಚಿದ ಗಾಜು, ಆ ನಗು ಒಂದರ ಮೇಲೊಂದು ಬಿದ್ದು ತುಂಬಿಕೊಂಡಂತೆ ಕೇಳಿಸಿತು.

ನಾನೂ ನಕ್ಕೆ. ಅಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು.